ಒಲೆಯಿಂದ ಸೌರಫಲಕದವರೆಗೆ: ಇಂಧನದ ಲೆಕ್ಕದಲ್ಲಿ ಮಲೆನಾಡಿನ ಪಾಲು

ಕಳೆದ ಬೇಸಿಗೆಯಲ್ಲಿ ಕೆಲಸದ ನಿಮಿತ್ತ ಬೆಂಗಳೂರಿಗೆ ಹೋಗಿದ್ದಾಗ ಮೂಡಲಪಾಳ್ಯದಲ್ಲಿರುವ ಅಕ್ಕನ ಮನೆಯಲ್ಲಿ ಮೂರು ದಿನ ಉಳಿದಿದ್ದೆ. ವಿಜಯನಗರ ಮತ್ತು ನಾಗರಭಾವಿಗಳ ನಡುವೆ ಒತ್ತೊತ್ತಾಗಿ ಬೆಳೆದಿರುವ ಈ ಬಡಾವಣೆಯ ಹೆಸರಿನಲ್ಲಿ ಮೂಡಣ ದಿಕ್ಕಿದೆ. ಆದರೆ ಅದು ಇರುವುದು ನಗರದ ಪಡುವಣ ಭಾಗದಲ್ಲಿ. ಹೆಸರಿಟ್ಟ ಹಿರಿಯರು ಇನ್ನಾವುದೋ ಊರಿನಲ್ಲಿ ನಿಂತು ದಿಕ್ಕು ನೋಡಿರಬೇಕು. ದಿಕ್ಕು ನಿಂತ ನೆಲವನ್ನು ಅವಲಂಬಿಸುತ್ತದೆ ಎಂಬ ಈ ಸಾಮಾನ್ಯ ಸಂಗತಿ ಅಂದು ರಾತ್ರಿಯ ಮಾತುಕತೆಯಲ್ಲಿ ನನಗೆ ಮತ್ತೆ ನೆನಪಾಯಿತು.

ಊಟದ ನಂತರ ಟಿ.ವಿ.ಯಲ್ಲಿ ಶರಾವತಿ ಕಣಿವೆಯ ಭೂಗತ ಜಲವಿದ್ಯುತ್ ಯೋಜನೆಯ ಸುದ್ದಿ ಬಂದಿತು. ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳು ನನ್ನ ಕಡೆ ತಿರುಗಿ ಕೇಳಿದಳು: "ಮಾವ, ನೀವು ಅಣೆಕಟ್ಟು ಬೇಡ ಎಂದಿರಿ, ಅಣುಸ್ಥಾವರ ಬೇಡ ಎಂದಿರಿ, ಕಲ್ಲಿದ್ದಲೂ ಬೇಡ ಎಂದಿರಿ. ಈಗ ಬಿಸಿಲಿನ ವಿದ್ಯುತ್ತನ್ನು ರಾತ್ರಿಗೆ ಉಳಿಸಿಡುವ ಯೋಜನೆಯೂ ಬೇಡ ಎನ್ನುತ್ತೀರಿ. ಹಾಗಾದರೆ ನಿಮಗೆ ಬೇಕಾದದ್ದು ಯಾವುದು?"

ಅವಳ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದು ನಮ್ಮ ಊರುಗಳ ವಿದ್ಯಾರ್ಥಿಗಳೂ ಕೇಳುತ್ತಿರುವ ಪ್ರಶ್ನೆಯೇ ಆಗಿದೆ. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಊರಿಗೆ ಮರಳಿದ ಮೇಲೆ ಯೋಚಿಸಿ, ಲೆಕ್ಕ ಹಾಕಿ, ಬರೆದದ್ದು ಈ ಲೇಖನ.

ಒಂದು ಮನೆಯ ಇಂಧನ ಚರಿತ್ರೆ

ದೇಶದ ಇಂಧನ ಮೂಲಗಳು ಹೇಗೆ ಬದಲಾದವು ಎಂಬುದನ್ನು ತಿಳಿಯಲು ಅಕ್ಕನ ಮನೆಯೊಂದೇ ಸಾಕು. 1991ರಲ್ಲಿ ಅವಳು ಮದುವೆಯಾಗಿ ಮೂಡಲಪಾಳ್ಯಕ್ಕೆ ಹೋದಾಗ ಬಚ್ಚಲಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಡಿಪೋದಿಂದ ತೂಗಿಸಿ ತಂದ ಸೌದೆ. ಅಡುಗೆಗೆ ಸೀಮೆಎಣ್ಣೆಯ ಪಂಪ್ ಸ್ಟೌವ್. ತಿಂಗಳ ಕೊನೆಯಲ್ಲಿ ರೇಷನ್ ಸೀಮೆಎಣ್ಣೆ ಮುಗಿದರೆ ತಗಡಿನ ಡಬ್ಬದಲ್ಲಿ ಮರದ ಹೊಟ್ಟನ್ನು ಗಿಡಿದು ತುಂಬಿ ಉರಿಸುವ ಹೊಟ್ಟಿನ ಒಲೆ. ಶಾಲೆಯ ರಜೆಯಲ್ಲಿ ಹೋಗುತ್ತಿದ್ದ ನಾನು ಸಾಮಿಲ್‌ನಿಂದ ಹೊಟ್ಟಿನ ಚೀಲ ಹೊತ್ತು ತಂದದ್ದುಂಟು. ಆ ಹೊಟ್ಟು ಯಾವ ಕಾಡಿನ ಮರದ್ದು ಎಂದು ಅಂದು ಕೇಳುವಷ್ಟು ಬುದ್ಧಿ ಇರಲಿಲ್ಲ.

ವರ್ಷಗಟ್ಟಲೆ ಕಾದ ಮೇಲೆ ಗ್ಯಾಸ್ ಸಂಪರ್ಕ ಬಂದಿತು. ಹಂಡೆಯ ಜಾಗಕ್ಕೆ ಗೀಸರ್ ಬಂದಿತು. ಮಿಕ್ಸಿ, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಕರೆಂಟು ಹೋದಾಗ ಬೇಕೆಂದು ಇನ್ವರ್ಟರ್, ಈಗ ಭಾವನವರ ವಿದ್ಯುತ್ ಸ್ಕೂಟರ್. ಮೂರೂವರೆ ದಶಕಗಳಲ್ಲಿ ಒಂದು ಕುಟುಂಬವು ಸೌದೆ, ಹೊಟ್ಟು, ಸೀಮೆಎಣ್ಣೆ, ಗ್ಯಾಸ್, ವಿದ್ಯುತ್ ಎಂಬ ಐದು ಇಂಧನಗಳನ್ನು ದಾಟಿ ಬಂದಿದೆ. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಊದುಗೊಳವೆ ಊದುತ್ತಿದ್ದ ಅಕ್ಕನನ್ನು ನೋಡಿರುವ ನಾನು ಈ ಬದಲಾವಣೆಯನ್ನು ಹಳಿಯಲಾರೆ. ಹಳ್ಳಿಯ ಒಲೆಯ ಮುಂದೆ ಕೂತವರು ಯಾರೂ ಅದನ್ನು ಹಳಿಯಬಾರದು.

ಅವರ ಮನೆಯ ಬಳಕೆ ತಿಂಗಳಿಗೆ ಸುಮಾರು 140 ಯೂನಿಟ್. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಯೋಜನೆಯಡಿ ಬಿಲ್ಲಿನ ಮೊತ್ತ ಶೂನ್ಯ. ಹಣದ ಲೆಕ್ಕದಲ್ಲಿ ಶೂನ್ಯವಾದ ಈ 140 ಯೂನಿಟ್ ಪ್ರಕೃತಿಯ ಲೆಕ್ಕದಲ್ಲಿ ಎಷ್ಟು? ಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಉತ್ತರ ಕೊಡುತ್ತದೆ. ಸುಮಾರು 400 ಮೀಟರ್ ಎತ್ತರದಿಂದ ಸಾವಿರ ಲೀಟರ್ ನೀರು ಕೊಳವೆಯಲ್ಲಿ ಧುಮ್ಮಿಕ್ಕಿ ಟರ್ಬೈನ್ ತಿರುಗಿಸಿದರೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ ಸಿಗುತ್ತದೆ. ಅದೇ ಒಂದು ಯೂನಿಟ್ಟಿಗೆ ಉಷ್ಣಸ್ಥಾವರದಲ್ಲಿ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡಬೇಕು. ಎಂದರೆ ಆ ಮನೆಯ ಒಂದು ತಿಂಗಳ ಬಳಕೆಗೆ ಘಟ್ಟದ ಮೇಲಿನಿಂದ 1 ಲಕ್ಷ 40 ಸಾವಿರ ಲೀಟರ್ ನೀರು ಕೆಳಗಿಳಿಯಬೇಕು, ಇಲ್ಲವೇ ಸುಮಾರು ಒಂದು ಕ್ವಿಂಟಲ್ ಕಲ್ಲಿದ್ದಲು ಬೂದಿಯಾಗಬೇಕು. ಮೂಡಲಪಾಳ್ಯದ ಸ್ವಿಚ್ಚು ಒತ್ತುವ ಬೆರಳಿಗೆ ಈ ನೀರೂ ಕಾಣುವುದಿಲ್ಲ, ಈ ಬೂದಿಯೂ ಕಾಣುವುದಿಲ್ಲ.

ನೀರಿನ ಕಾಲ

ನಮ್ಮ ರಾಜ್ಯದ ವಿದ್ಯುತ್ ಚರಿತ್ರೆ ಆರಂಭವಾಗುವುದು ನೀರಿನಿಂದ. 1902ರಲ್ಲಿ ಶಿವನಸಮುದ್ರದ ಜಲಪಾತದ ಬಳಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಮೂರು ವರ್ಷಗಳ ನಂತರ, 1905ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಮೊದಲು ಗಣಿ, ಆಮೇಲೆ ನಗರ. ತಂತಿ ಹಾದುಹೋದ ದಾರಿಯ ಹಳ್ಳಿಗಳು ದಶಕಗಳ ಕಾಲ ಎಣ್ಣೆಯ ಬುಡ್ಡಿಯಲ್ಲೇ ಕಾದವು. ಅಂದು ಏರ್ಪಟ್ಟ ಈ ಸಾಲು ಮುಂದೆಯೂ ಬಹುಕಾಲ ಹಾಗೆಯೇ ಉಳಿಯಿತು.

ನೀರು ವಿದ್ಯುತ್ತಾಗುತ್ತಿದ್ದ ಅದೇ ಕಾಲದಲ್ಲಿ ಕಾಡು ಇದ್ದಿಲಾಗುತ್ತಿತ್ತು ಎಂಬುದನ್ನೂ ಮರೆಯಬಾರದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಊದುಕುಲುಮೆಗೆ ಬೇಕಾದ ಇದ್ದಿಲು ಬಂದದ್ದು ಮಲೆನಾಡಿನ ಮರಗಳಿಂದ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಬಸ್ಸಿನ ಬೆನ್ನಿಗೆ ಕಟ್ಟಿದ ಉರುಳೆಗೆ ಕೆಂಡ ಹಾಕಿ ತಿದಿ ತಿರುಗಿಸುತ್ತಿದ್ದುದನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಜೋಗದ ವಿದ್ಯುದಾಗಾರ ಕೆಲಸ ಮಾಡತೊಡಗಿತು. ಮುಂದೆ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರು ಬಂದಿತು. ಪೂರ್ಣಗೊಂಡಾಗ ಅದರ ಸಾಮರ್ಥ್ಯ 120 ಮೆಗಾವಾಟ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಒಟ್ಟು ಸಾಮರ್ಥ್ಯ ಇಂದು 1035 ಮೆಗಾವಾಟ್. ಅನಂತರ ಕಾಳಿ ನದಿಗೆ ಸೂಪಾ, ನಾಗಝರಿ. ಹಾಗೆಯೇ ವಾರಾಹಿ, ಚಕ್ರಾ. 1985ರವರೆಗೆ ರಾಜ್ಯದ ವಿದ್ಯುತ್ತು ಬಹುತೇಕ ಪೂರ್ಣವಾಗಿ ನೀರಿನಿಂದಲೇ ಬರುತ್ತಿತ್ತು. ಕಾರ್ಖಾನೆಗಳೆಲ್ಲ ಬಯಲುಸೀಮೆಯ ನಗರಗಳಲ್ಲಿ. ನೀರು ನಿಂತದ್ದು ಮಾತ್ರ ನಮ್ಮ ಕಣಿವೆಗಳಲ್ಲಿ.

ಲಿಂಗನಮಕ್ಕಿಯ ಹಿನ್ನೀರು ತುಂಬಿದಾಗ ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಆವರಿಸುತ್ತದೆ. ಗದ್ದೆ, ತೋಟ, ಸೊಪ್ಪಿನ ಬೆಟ್ಟ, ದೇವರ ಕಾನು, ಸಂತೆಯ ದಾರಿ ಎಲ್ಲವೂ ಅದರ ಅಡಿಯಲ್ಲಿವೆ. ಅಲ್ಲಿಂದ ಎದ್ದು ಹೋದವರನ್ನು ಲಾರಿಗಳಲ್ಲಿ ತಂದು ಕಾಡಿನ ಅಂಚುಗಳಲ್ಲಿ ಬಿಡಲಾಯಿತು. ಅವರು ಕಡಿದು ಹಸನು ಮಾಡಿದ ಭೂಮಿ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಅರವತ್ತು ವರ್ಷಗಳ ಮೇಲೂ ಅವರ ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಸಾಗರ, ಶಿವಮೊಗ್ಗಗಳ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಹಿನ್ನೀರಿನ ಆಚೆ ಉಳಿದುಹೋದ ತುಮರಿ ಸೀಮೆಯ ಜನರು ಆಸ್ಪತ್ರೆಗೆ ಹೋಗಬೇಕಾದರೂ ಲಾಂಚಿಗೆ ಕಾಯಬೇಕಾಗಿತ್ತು. ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ ತಿಂಗಳಲ್ಲಿ. ನಾಡಿಗೆ ಬೆಳಕು ಕೊಟ್ಟವರಿಗೆ ಒಂದು ಸೇತುವೆ ಬರಲು ಅರವತ್ತು ವರ್ಷ ಬೇಕಾಯಿತು ಎಂಬ ಈ ಒಂದು ಸಂಗತಿಯನ್ನು ಇಂಧನದ ಪ್ರತಿಯೊಂದು ಚರ್ಚೆಯಲ್ಲಿ ಮೊದಲು ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ಮಲೆನಾಡು ಯಾವಾಗಲೂ ತಲೆ ಬಾಗಿಸಿ ನಿಂತಿಲ್ಲ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ 1981ರ ಜನವರಿಯಲ್ಲಿ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ವಿಜ್ಞಾನಿಗಳನ್ನೂ ಯೋಜನೆಯ ಸಮರ್ಥಕರನ್ನೂ ಒಂದೇ ಚಾವಡಿಗೆ ಕರೆದು ಲಾಭ-ನಷ್ಟಗಳ ಲೆಕ್ಕ ಕೇಳಿತು. ಮುಳುಗುವ ಅಡಿಕೆ, ಏಲಕ್ಕಿ, ಮೆಣಸು, ಕಾಡಿನ ಉತ್ಪನ್ನ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಯೋಜನೆ ಸಮರ್ಥನೀಯವಾಗಿ ಕಾಣಲಿಲ್ಲ. ಸರ್ಕಾರ ಅದನ್ನು ಕೈಬಿಟ್ಟಿತು. ಅಲ್ಲಿ ಕೇವಲ ಘೋಷಣೆ ಗೆಲ್ಲಲಿಲ್ಲ, ರೈತರು ತಾವೇ ಕೂತು ಮಾಡಿಸಿದ ಲೆಕ್ಕ ಗೆದ್ದಿತು. 1983ರಲ್ಲಿ ಸಲ್ಕಣಿಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡ ಅಪ್ಪಿಕೋ ಚಳವಳಿ ಇದೇ ಮಣ್ಣಿನಿಂದ ಎದ್ದುದು.

ಕಲ್ಲಿದ್ದಲು ಮತ್ತು ಅಣು

ಮಳೆ ಕೈಕೊಟ್ಟ ವರ್ಷ ವಿದ್ಯುತ್ ಕಡಿತ ತಪ್ಪದಾದಾಗ ರಾಜ್ಯವು ಕಲ್ಲಿದ್ದಲಿನತ್ತ ತಿರುಗಿತು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ 210 ಮೆಗಾವಾಟ್‌ನ ಮೊದಲ ಘಟಕ ಆರಂಭವಾಯಿತು. ಇಂದು ಆ ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್. ಅನಂತರ ಬಳ್ಳಾರಿ, ಉಡುಪಿ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ರಾಯಚೂರಿಗೆ ಅದು ಸಿಂಗರೇಣಿ ಮೊದಲಾದ ದೂರದ ಗಣಿಗಳಿಂದ ರೈಲಿನಲ್ಲಿ ಬರಬೇಕು. ಉಡುಪಿಯ ಸ್ಥಾವರವನ್ನು ಹಡಗಿನಲ್ಲಿ ಬರುವ ವಿದೇಶಿ ಕಲ್ಲಿದ್ದಲನ್ನೇ ನಂಬಿ ಕಟ್ಟಲಾಯಿತು. ಎಲ್ಲಿಯದೋ ಬೆಟ್ಟ ಅಗೆದು ಇನ್ನೆಲ್ಲಿಯದೋ ಗದ್ದೆಯ ಮೇಲೆ ಹಾರುಬೂದಿ ಬೀಳುವ ವ್ಯವಸ್ಥೆ ಇದು.

ಕಾಳಿ ಕಣಿವೆಗೆ ಅಣುವಿದ್ಯುತ್ ಬಂದಿತು. ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ವಿರೋಧಿ ಚಳವಳಿಯ ಮುಂಚೂಣಿಯಲ್ಲಿ ನಿಂತು, ಅದೇ ಪ್ರಶ್ನೆಯನ್ನು ಜನರ ಮುಂದಿಡಲು 1989ರ ಲೋಕಸಭಾ ಚುನಾವಣೆಗೂ ಸ್ಪರ್ಧಿಸಿದ್ದರು. 1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದಲ್ಲಿದ್ದ ಗುಮ್ಮಟದ ಒಳಪದರ ಕುಸಿಯಿತು. ಆದರೂ 2000ದಲ್ಲಿ ಸ್ಥಾವರ ವಿದ್ಯುತ್ ಕೊಡತೊಡಗಿತು. ಅದರ ಮೊದಲ ಘಟಕ 2018ರ ಡಿಸೆಂಬರ್‌ನಲ್ಲಿ 962 ದಿನಗಳ ಕಾಲ ಎಡೆಬಿಡದೆ ಓಡಿ ಜಾಗತಿಕ ದಾಖಲೆ ಮಾಡಿತು. ವಿರೋಧಿಸಿದ ನಾವು ಈ ಸಾಧನೆಯನ್ನೂ ಒಪ್ಪಬೇಕು. ಜೊತೆಗೆ, ಬಳಸಿದ ಇಂಧನವನ್ನು ಮುಂದಿನ ಎಷ್ಟು ತಲೆಮಾರು ಕಾಯಬೇಕು ಎಂಬ ಪ್ರಶ್ನೆ ಹಾಗೆಯೇ ಇದೆ ಎಂಬುದನ್ನೂ ಹೇಳಬೇಕು.

ಬದಲಾವಣೆಯೋ, ಸೇರ್ಪಡೆಯೋ?

ಪಠ್ಯಪುಸ್ತಕಗಳಲ್ಲಿ ಇಂಧನದ ಕಥೆಯನ್ನು ಮೆಟ್ಟಿಲುಗಳಂತೆ ಬರೆಯುತ್ತಾರೆ: ಮೊದಲು ಸೌದೆ, ಆಮೇಲೆ ಕಲ್ಲಿದ್ದಲು, ಆಮೇಲೆ ತೈಲ, ಆಮೇಲೆ ಬಿಸಿಲು-ಗಾಳಿ. ಒಂದು ಮೆಟ್ಟಿಲು ಹತ್ತಿದವರು ಹಿಂದಿನದನ್ನು ಬಿಟ್ಟು ಹೋದರು ಎಂಬ ಭಾವನೆ ಇದರಿಂದ ಹುಟ್ಟುತ್ತದೆ. ಒಂದು ಮನೆಯ ಮಟ್ಟಿಗೆ ಅದು ನಿಜವಿರಬಹುದು; ಅಕ್ಕನ ಹಂಡೆ ಈಗ ಅಟ್ಟದ ಮೇಲಿದೆ. ಆದರೆ ದೇಶದ ಮಟ್ಟಿಗೆ ಹಾಗಾಗಿಲ್ಲ. ಇಲ್ಲಿ ಹೊಸ ಇಂಧನ ಹಳೆಯದರ ಜಾಗಕ್ಕೆ ಬರುವ ಬದಲು ಹಳೆಯದರ ಮೇಲೆ ಸೇರುತ್ತಾ ಹೋಗಿದೆ.

ಲೆಕ್ಕ ನೋಡಿ. 2025ರ ಮಧ್ಯಭಾಗದಲ್ಲಿ ಭಾರತದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲಗಳಲ್ಲದ ಮೂಲಗಳದ್ದಾಯಿತು ಎಂದು ಸರ್ಕಾರ ಹೆಮ್ಮೆಯಿಂದ ಘೋಷಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ 2024-25ರ ಸಾಲಿನಲ್ಲಿಯೇ ದೇಶದ ಕಲ್ಲಿದ್ದಲು ಉತ್ಪಾದನೆ ನೂರು ಕೋಟಿ ಟನ್ ದಾಟಿತು. ಚರಿತ್ರೆಯಲ್ಲಿ ಅಷ್ಟೊಂದು ಕಲ್ಲಿದ್ದಲನ್ನು ನಾವು ಹಿಂದೆಂದೂ ಅಗೆದಿರಲಿಲ್ಲ. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೌರಫಲಕ ರಾತ್ರಿ ಮಲಗುತ್ತದೆ, ಗಾಳಿಗಿರಣಿ ಗಾಳಿಗೆ ಕಾಯುತ್ತದೆ; ಹಾಗಾಗಿ ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದೇ. ಸೌದೆಯೂ ಹೋಗಿಲ್ಲ. 2016ರ ಉಜ್ವಲಾ ಯೋಜನೆಯ ನಂತರವೂ ಗ್ರಾಮೀಣ ಮನೆಗಳಲ್ಲಿ ಸಿಲಿಂಡರಿನ ಪಕ್ಕದಲ್ಲಿ ಒಲೆ ಉರಿಯುತ್ತಲೇ ಇದೆ. ಆ ಸಿಲಿಂಡರಿನ ಅನಿಲದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತೇವೆ.

ಆದ್ದರಿಂದ "ಶುದ್ಧ ಇಂಧನಕ್ಕಾಗಿ ನಿಮ್ಮ ಕಾಡು ಕೊಡಿ, ಕಲ್ಲಿದ್ದಲು ನಿಲ್ಲುತ್ತದೆ" ಎಂದು ಯಾರಾದರೂ ಹೇಳಿದರೆ, "ಯಾವ ಸ್ಥಾವರದ ಯಾವ ಘಟಕ, ಯಾವ ವರ್ಷ ನಿಲ್ಲುತ್ತದೆ?" ಎಂದು ಕೇಳುವ ಹಕ್ಕು ನಮಗಿದೆ. ಇದುವರೆಗೆ ಮಲೆನಾಡಿನ ಯಾವ ತ್ಯಾಗಕ್ಕೂ ಪ್ರತಿಯಾಗಿ ಅಂಥ ಲಿಖಿತ ಉತ್ತರ ಸಿಕ್ಕಿಲ್ಲ.

ಬಿಸಿಲಿನ ಕಾಲದ ಹೊಸ ಒತ್ತಡ

ಪಾವಗಡದ ಸೌರ ಉದ್ಯಾನ 13 ಸಾವಿರ ಎಕರೆಯಲ್ಲಿ ಹರಡಿಕೊಂಡಿದೆ. ಸಾಮರ್ಥ್ಯ 2050 ಮೆಗಾವಾಟ್. ಎಂದರೆ ಶರಾವತಿ ವಿದ್ಯುದಾಗಾರದ ಸುಮಾರು ಎರಡು ಪಟ್ಟು. ಅಲ್ಲಿ ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆದು, ಎರಡು ವರ್ಷಕ್ಕೊಮ್ಮೆ ಏರಿಸುವ ಕರಾರು ಮಾಡಲಾಯಿತು. ಲಿಂಗನಮಕ್ಕಿಯ ಸಂತ್ರಸ್ತರಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಸುಧಾರಣೆ. ಆದರೆ ಭೂಮಿಯಿಲ್ಲದ ಕೂಲಿಕಾರರಿಗೂ ಕುರಿ ಮೇಯಿಸುವವರಿಗೂ ಗುತ್ತಿಗೆಯ ಹಣ ಬರಲಿಲ್ಲ, ಹೊಲದ ಕೆಲಸವೂ ಉಳಿಯಲಿಲ್ಲ. ಬಯಲುಸೀಮೆಯ ಆ ಜನರ ಕಷ್ಟವನ್ನು ನಮ್ಮದಲ್ಲವೆಂದು ಬಿಡುವುದು ನ್ಯಾಯವಲ್ಲ.

ಇಂದು ರಾಜ್ಯದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಲು, ಗಾಳಿ, ನೀರುಗಳದ್ದು. ಹಗಲು ವಿದ್ಯುತ್ ಹೆಚ್ಚಾಗಿ, ಸಂಜೆ ಕೊರತೆಯಾಗುವುದು ಹೊಸ ಸಮಸ್ಯೆ. ಅದಕ್ಕೆ ಪರಿಹಾರವೆಂದು ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ: ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಅದೇ ನೀರನ್ನು ಸುರಂಗದ ಮೂಲಕ ಇಳಿಸಿ 2000 ಮೆಗಾವಾಟ್ ಪಡೆಯುವುದು. ಎತ್ತಲು ಬೇಕಾಗುವಷ್ಟು ವಿದ್ಯುತ್ತು ಇಳಿಸಿದಾಗ ಮರಳಿ ಸಿಗುವುದಿಲ್ಲ. ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಶೇಕಡ 20ರಿಂದ 25ರಷ್ಟು ನಷ್ಟವಾಗುತ್ತದೆ. ಇದು ವಿದ್ಯುತ್ ಉತ್ಪಾದನೆಯ ಯೋಜನೆಯಲ್ಲ, ವಿದ್ಯುತ್ತನ್ನು ಕೂಡಿಡುವ ಕಣಜ ಎಂದು ತಿಳಿಯಬೇಕು.

ಸಮರ್ಥಕರ ವಾದದಲ್ಲಿ ಸತ್ಯಾಂಶವಿದೆ. ಹೊಸ ಅಣೆಕಟ್ಟು ಇಲ್ಲ, ಇರುವ ಎರಡು ಜಲಾಶಯಗಳನ್ನೇ ಬಳಸುತ್ತೇವೆ, ವಿದ್ಯುದಾಗಾರ ನೆಲದಡಿಯಲ್ಲಿ ಎಂದು ಅವರು ಹೇಳುತ್ತಾರೆ. ನನ್ನ ಅಕ್ಕನ ಮಗಳೂ ಅದನ್ನೇ ಹೇಳಿದಳು. ಕಣಜ ಬೇಕು ಎಂಬುದರಲ್ಲಿ ನನಗೂ ಭಿನ್ನಾಭಿಪ್ರಾಯವಿಲ್ಲ. ಕಣಜವನ್ನು ಎಲ್ಲಿ ಕಟ್ಟಬೇಕು ಎಂಬುದು ಪ್ರಶ್ನೆ. ಈ ಜಾಗ 2019ರಲ್ಲಿ ಘೋಷಿತವಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಒಳಗಿದೆ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ದಾಟುವ ಅದರ ದಾರಿಯನ್ನು ಒಂದು ರಸ್ತೆಯ ಅಗಲ ಕತ್ತರಿಸಿದರೂ ಗುಂಪುಗಳು ಬೇರೆಯಾಗುತ್ತವೆ. ಇದೇ ಸೀಮೆಯ ಕತ್ತಲೆಕಾನಿನ ರಾಮಪತ್ರೆ ಜೌಗಿನಿಂದ 2000ನೇ ಇಸವಿಯಲ್ಲಿ ಒಂದು ಹೊಸ ಮರದ ಪ್ರಭೇದವೇ ವಿಜ್ಞಾನಕ್ಕೆ ಪರಿಚಯವಾಯಿತು. ಇನ್ನೂ ಏನೇನಿದೆಯೋ ನಾವು ಎಣಿಸಿ ಮುಗಿಸಿಲ್ಲ. ಯೋಜನೆಗೆ 50 ಹೆಕ್ಟೇರಿಗೂ ಹೆಚ್ಚು ಅರಣ್ಯ, ಸಾವಿರಾರು ಮರ, ಅಗಲವಾದ ರಸ್ತೆ, ಸುರಂಗದಿಂದ ತೆಗೆದ ಕಲ್ಲು-ಮಣ್ಣು ಸುರಿಯಲು ಜಾಗ ಬೇಕು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ಜೀವಗಳನ್ನು ತೆಗೆದುಕೊಂಡಿತು. ಅದೇ ಘಟ್ಟದ ಸಾಲಿನಲ್ಲಿ ಸಿಡಿಮದ್ದು ಸಿಡಿಸುವ ಮೊದಲು ಎರಡು ಬಾರಿ ಯೋಚಿಸಿ ಎಂದು ಹೇಳುವುದು ಅಭಿವೃದ್ಧಿ ವಿರೋಧವೇ?

2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪೆಗಳಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಜನರು ದೊಡ್ಡ ಸಂಖ್ಯೆಯಲ್ಲಿ ಬಂದು ತಮ್ಮ ವಿರೋಧವನ್ನು ದಾಖಲಿಸಿದರು. ಅದು ಬೇಡ್ತಿಯ ಪರಂಪರೆ. ಆದರೆ ಬೇಡ್ತಿಯ ಪಾಠದ ಇನ್ನರ್ಧ ಉಳಿದಿದೆ: ನಮ್ಮ ಲೆಕ್ಕವನ್ನೂ ನಾವು ಮುಂದಿಡಬೇಕು.

ನಮ್ಮ ಅಂಗಳದ ಲೆಕ್ಕ

ಇಲ್ಲಿ ಸ್ವಲ್ಪ ಕಹಿಯಾದ ಮಾತು ಹೇಳಬೇಕಾಗಿದೆ. ಕೃಷಿ ವಿಜ್ಞಾನಿಯಾಗಿ ಇಪ್ಪತ್ತು ವರ್ಷಗಳಿಂದ ನಮ್ಮ ತೋಟಗಳನ್ನು ನೋಡುತ್ತಿದ್ದೇನೆ. ಅಡಿಕೆ ಬೇಯಿಸುವ ಕಾಲದಲ್ಲಿ ಒಂದೊಂದು ಮನೆಯ ಅಂಗಳದಲ್ಲಿ ಉರಿಯುವ ಸೌದೆಗೆ ಲೆಕ್ಕವಿಲ್ಲ. ಬಚ್ಚಲ ಒಲೆಗೆ ವರ್ಷವಿಡೀ ಕುಂಟೆ ಬೇಕು. ಸೊಪ್ಪಿನ ಬೆಟ್ಟಗಳು ಬೋಳಾಗಿರುವುದಕ್ಕೆ ಸರ್ಕಾರವೊಂದೇ ಕಾರಣವಲ್ಲ. 2008ರಿಂದ 10 ಎಚ್.ಪಿ.ವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾದ ಮೇಲೆ ತೋಟಗಳು ಗದ್ದೆಗೆ ಇಳಿದವು, ಗುಡ್ಡಕ್ಕೆ ಏರಿದವು. ಹಳ್ಳದ ನೀರನ್ನು ಬೇಸಿಗೆಯ ಆರಂಭದಲ್ಲೇ ಎತ್ತಿ ಮುಗಿಸುತ್ತಿದ್ದೇವೆ. ನಗರದ ಗೀಸರನ್ನು ದೂರುವ ನಾವು ರಾತ್ರಿಯಿಡೀ ಓಡುವ ನಮ್ಮ ಪಂಪನ್ನು ನೋಡುವುದಿಲ್ಲ.

ಹಿಂದೆ ನಾವು ಬೇರೆ ದಾರಿಯನ್ನು ತೋರಿಸಿದ್ದೆವು. ಶಿರಸಿ, ಸಿದ್ದಾಪುರ ತಾಲೂಕುಗಳ ಗೋಬರ್ ಗ್ಯಾಸ್ ಘಟಕಗಳು ದೇಶಕ್ಕೇ ಮಾದರಿ ಎನಿಸಿದ್ದವು. ಬೇರೆಡೆ ಸಬ್ಸಿಡಿ ಮುಗಿದ ಮೇಲೆ ಗುಂಡಿಗಳಾಗಿ ಉಳಿದ ಘಟಕಗಳು ಇಲ್ಲಿ ದಿನವೂ ಉರಿಯುತ್ತಿದ್ದವು. ಅನಿಲ ಒಲೆಗೆ, ಬಗ್ಗಡ ತೋಟಕ್ಕೆ. ಎರಡು ಘನಮೀಟರ್‌ನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ನಾಲ್ಕೈದು ದೊಡ್ಡ ದನ, ಮಲೆನಾಡು ಗಿಡ್ಡವಾದರೆ ಇನ್ನೂ ಹೆಚ್ಚು. ಕೊಟ್ಟಿಗೆ ಖಾಲಿಯಾದಂತೆ ಘಟಕಗಳೂ ನಿಂತವು. ಮಕ್ಕಳು ಬೆಂಗಳೂರಿಗೆ ಹೋದರು, ಹುಲ್ಲು ಕೊಯ್ಯುವವರಿಲ್ಲ, ದನ ಮಾರಿದೆವು, ಸಿಲಿಂಡರ್ ತಂದೆವು. ಇಂಧನ ಬದಲಾಗುವುದು ಸರ್ಕಾರದ ಆದೇಶದಿಂದ ಮಾತ್ರವಲ್ಲ, ಮನೆಯಲ್ಲಿ ಎಷ್ಟು ಕೈಗಳಿವೆ ಎಂಬುದರಿಂದಲೂ ಎಂಬುದನ್ನು ನಾನು ಕಲಿತದ್ದು ಇಲ್ಲಿಯೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಕೇಂದ್ರವನ್ನು ಕಟ್ಟಿದ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರು ಈ ವಿಷಯವನ್ನು ಬಹಳ ಹಿಂದೆಯೇ ಕಂಡಿದ್ದರು. ಕುಣಿಗಲ್ ತಾಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ 1987ರಿಂದ ಊರಿನ ಸಗಣಿಯಿಂದಲೇ ಅನಿಲ ತಯಾರಿಸಿ, ಎಂಜಿನ್ ಓಡಿಸಿ, ದೀಪ ಮತ್ತು ಕುಡಿಯುವ ನೀರನ್ನು ಒದಗಿಸಲಾಯಿತು. ಅಲ್ಲಿಂದ ಬಂದ ಹೊಗೆಯಿಲ್ಲದ ಅಸ್ತ್ರ ಒಲೆ ಸೌದೆಯ ಖರ್ಚನ್ನು ಬಹಳ ಇಳಿಸಿತು. ರಾಜ್ಯದ ವಿದ್ಯುತ್ ಬೇಡಿಕೆಯ ಅಧಿಕೃತ ಅಂದಾಜುಗಳನ್ನು ಅವರು ಪರಿಶೀಲಿಸಿ, ಉಳಿತಾಯ ಮತ್ತು ವಿಕೇಂದ್ರಿತ ಉತ್ಪಾದನೆಗಳಿಂದ ಕಡಿಮೆ ವೆಚ್ಚದಲ್ಲಿ ಜನರ ಅಗತ್ಯ ಪೂರೈಸಬಹುದೆಂದು ವಾದಿಸಿದ್ದರು. ಜನರಿಗೆ ಬೇಕಾದದ್ದು ಯೂನಿಟ್ ಅಲ್ಲ, ಬೆಳಕು, ಬಿಸಿನೀರು, ಬೆಂದ ಅನ್ನ ಎಂಬ ಅವರ ದೃಷ್ಟಿಯನ್ನು ಯೋಜನೆ ಮಾಡುವವರು ಇನ್ನೂ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ.

ಹಾಗಾದರೆ ಯಾವುದು ಬೇಕು?

ಅಕ್ಕನ ಮಗಳ ಪ್ರಶ್ನೆಗೆ ಈಗ ಉತ್ತರ ಹೇಳಬಹುದು.

ಮೊದಲನೆಯದಾಗಿ, ನಗರದ ಮಾಳಿಗೆಗಳು ನಗರಕ್ಕೆ ದುಡಿಯಬೇಕು. ಒಂದು ಕಿಲೋವಾಟ್ ಸೌರಫಲಕಕ್ಕೆ ಸುಮಾರು 100 ಚದರಡಿ ಜಾಗ ಸಾಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. ಅಕ್ಕನ ಮನೆಯ ಬಳಕೆಗೆ ನೀರಿನ ಟ್ಯಾಂಕಿನ ಪಕ್ಕದ 120 ಚದರಡಿ ಸಾಕಾಗುತ್ತದೆ. ಆದರೆ ಬಿಲ್ಲೇ ಶೂನ್ಯವಾದ ಮೇಲೆ ಯಾರು ಫಲಕ ಹಾಕಿಸುತ್ತಾರೆ? ಬಡವರ ದೀಪಕ್ಕೆ ಸಹಾಯಧನ ಬೇಕು, ಅದನ್ನು ತೆಗೆಯಬೇಕೆಂದು ನಾನು ಹೇಳಲಾರೆ. ಆ ಸಹಾಯಧನದ ಒಂದು ಪಾಲನ್ನು ಅವರ ಮಾಳಿಗೆಯ ಮೇಲೆಯೇ ಫಲಕವಾಗಿ ಕೊಡಬಹುದು ಎಂಬುದು ನನ್ನ ಸಲಹೆ.

ಎರಡನೆಯದು, ಪಂಪ್‌ಸೆಟ್‌ಗಳ ಬೇಡಿಕೆಯನ್ನು ಹಗಲಿಗೆ ತರಬೇಕು. ಊರಿನ ಫೀಡರಿಗೆ ಸೌರವಿದ್ಯುತ್ ಜೋಡಿಸಿ ಬಿಸಿಲಿದ್ದಾಗ ನೀರು ಹಾಯಿಸಿದರೆ ರಾತ್ರಿಗೆ ಕೂಡಿಡುವ ಅಗತ್ಯವೇ ಅಷ್ಟು ಕಡಿಮೆಯಾಗುತ್ತದೆ. ರಾತ್ರಿ ಹಾವಿನ ಭಯದಲ್ಲಿ ಸ್ವಿಚ್ಚು ಹಾಕಲು ಹೋಗುವ ರೈತನಿಗೂ ಅದು ನೆಮ್ಮದಿ.

ಮೂರನೆಯದು, ಕಣಜವನ್ನು ಕಾಡಿನ ಹೊರಗೆ ಕಟ್ಟಿ. ಬ್ಯಾಟರಿಗಳ ಬೆಲೆ ಕಳೆದ ಹತ್ತು ವರ್ಷಗಳಲ್ಲಿ ಬಹಳ ಇಳಿದಿದೆ; ಅವನ್ನು ಪಾವಗಡದಂಥ ಉತ್ಪಾದನಾ ಸ್ಥಳದಲ್ಲಿಯೂ ನಗರದ ಉಪಕೇಂದ್ರಗಳಲ್ಲಿಯೂ ಇಡಬಹುದು. ನೀರೆತ್ತುವ ಯೋಜನೆಯೇ ಬೇಕೆಂದರೆ ಬಯಲುಸೀಮೆಯ ಗುಡ್ಡಗಳನ್ನೂ ನಿಂತುಹೋದ ಗಣಿಗುಂಡಿಗಳನ್ನೂ ಮೊದಲು ಪರಿಶೀಲಿಸಿ, ಅಲ್ಲಿನ ಜನರನ್ನು ಕೇಳಿ, ಆಮೇಲೆ ಅಭಯಾರಣ್ಯದತ್ತ ನೋಡಬೇಕು. ಈಗ ಆ ಕ್ರಮ ತಿರುಗುಮುರುಗಾಗಿದೆ.

ನಾಲ್ಕನೆಯದು, ನಮ್ಮ ಮನೆಗಳಲ್ಲಿ ಆಗಬೇಕಾದದ್ದು. ಅಡಿಕೆ ಬೇಯಿಸಲು ಸುಧಾರಿತ ಒಲೆ, ಒಣಗಿಸಲು ಸೌರ ಗೂಡು, ದನವಿರುವ ಮನೆಗಳಲ್ಲಿ ಗೋಬರ್ ಗ್ಯಾಸ್ ಪುನಶ್ಚೇತನ, ವರ್ಷದಲ್ಲಿ ಆರು ತಿಂಗಳಾದರೂ ಹಳ್ಳ ಹರಿಯುವಲ್ಲಿ ಮನೆಮಟ್ಟದ ಒಂದು ಕಿಲೋವಾಟ್‌ನ ಪುಟ್ಟ ಜಲವಿದ್ಯುತ್ ಯಂತ್ರ. ಹಳ್ಳವನ್ನು ತಡೆಯದೆ, ತೋಟಕ್ಕೆ ಹೋಗುವ ನೀರಿನಿಂದಲೇ ಇದು ನಡೆಯುತ್ತದೆ. 25 ಮೆಗಾವಾಟ್‌ವರೆಗಿನ ಕಾಂಕ್ರೀಟ್ ಯೋಜನೆಗಳನ್ನು 'ಕಿರು' ಎಂದು ಕರೆಯುವವರು ಈ ಯಂತ್ರಗಳನ್ನು ಬಂದು ನೋಡಬೇಕು.

ಐದನೆಯದು ಮತ್ತು ಮುಖ್ಯವಾದದ್ದು: ಹಳೆಯ ಸಾಲ ತೀರುವವರೆಗೆ ಹೊಸ ಸಾಲವಿಲ್ಲ. ಶರಾವತಿ ಮುಳುಗಡೆಯ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಮೊದಲು ಅದೇ ಕಣಿವೆಯಲ್ಲಿ ಇನ್ನೊಂದು ಯೋಜನೆಗೆ ಭೂಮಿ ಕೇಳುವ ನೈತಿಕ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ. ಯಾವುದೇ ಯೋಜನೆಯ ಪೂರ್ಣ ವರದಿಯನ್ನು ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಕಟ್ಟೆಯಲ್ಲಿ, ಸಭೆಗೆ ಸಾಕಷ್ಟು ಮೊದಲು ಇಡಬೇಕು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಈ ದೀಪಾವಳಿಯ ರಜೆಯಲ್ಲಿ ನಿಮ್ಮ ಊರಿನ ಹತ್ತು ಮನೆಗಳ ಇಂಧನ ಲೆಕ್ಕ ಮಾಡಿ: ವರ್ಷಕ್ಕೆ ಎಷ್ಟು ಹೊರೆ ಸೌದೆ, ಎಷ್ಟು ಸಿಲಿಂಡರ್, ಎಷ್ಟು ಯೂನಿಟ್, ಪಂಪ್ ಎಷ್ಟು ಗಂಟೆ, ಕೊಟ್ಟಿಗೆಯಲ್ಲಿ ಎಷ್ಟು ದನ. ಹಿರಿಯರನ್ನು ಕೇಳಿ, ಐವತ್ತು ವರ್ಷದ ಹಿಂದೆ ಇವೆಲ್ಲ ಎಷ್ಟಿದ್ದವು ಎಂದು ಪಕ್ಕದಲ್ಲಿ ಬರೆಯಿರಿ. ಆ ಹಾಳೆಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ. 1981ರಲ್ಲಿ ನಮ್ಮ ಹಿರಿಯರ ಕೈಯಲ್ಲಿದ್ದದ್ದು ಅಂಥ ಲೆಕ್ಕವೇ.

ಅಕ್ಕನ ಮಗಳಿಗೆ ಈ ಬರಹದ ಪ್ರತಿ ಕಳುಹಿಸಿದ್ದೇನೆ. ಮೂಡಲಪಾಳ್ಯದ ತಮ್ಮ ಬೀದಿಯ ಮಾಳಿಗೆಗಳನ್ನು ಅಳೆದು ನೋಡುವುದಾಗಿ ಫೋನಿನಲ್ಲಿ ಹೇಳಿದಳು. ಬ್ಯಾಟರಿ ಕೆಟ್ಟ ಮೇಲೆ ಅದರ ಕಸ ಯಾರ ಊರಿಗೆ ಹೋಗುತ್ತದೆ ಎಂಬುದನ್ನು ನಾನು ಬರೆದಿಲ್ಲ ಎಂದೂ ಆಕ್ಷೇಪಿಸಿದಳು. ಆಕ್ಷೇಪ ಸರಿಯಾಗಿದೆ. ಅವಳ ಲೆಕ್ಕ ಬಂದ ಮೇಲೆ ಎರಡನ್ನೂ ಸೇರಿಸಿ ಈ ಪತ್ರಿಕೆಯಲ್ಲಿಯೇ ಬರೆಯುವೆ.